ದಂಡಿನ ಕುದುರೆಗೆ ಹುರುಳಿ, ನಮ್ಮ ಎತ್ತಿಗೆ ರಾಗಿ ಹುಲ್ಲು

ಈ ಸಲದ ಟಿಪ್ಪಣಿ ಉದ್ದ ಇದೆ. ಬೆಳಗಿನ ಹಾಲು ಡೈರಿಗೆ ಹಾಕಿ ಬಂದು ನಿಧಾನಕ್ಕೆ ಓದಿ.

ಈಗ ನಮ್ಮ ಕಡೆ ಯಾರ ಕೊಟ್ಟಿಗೆಗೆ ಹೋದರೂ ಎರಡೇ ಮಾತು. ಒಂದು, ರಾಗಿ ಹುಲ್ಲು ಸಿಗ್ತಿಲ್ಲ, ಸಿಕ್ಕಿದರೂ ರೇಟು ಕೇಳೋ ಹಾಗಿಲ್ಲ. ಎರಡು, ಸಿಟಿಯಿಂದ ಬೀರ್ ವೇಸ್ಟು ಬರುತ್ತೆ, ಛತ್ರದ ಅನ್ನ ಬರುತ್ತೆ, ಮಾರ್ಕೆಟ್ಟಿನ ಎಲೆಕೋಸು ಬರುತ್ತೆ, ಇಷ್ಟೆಲ್ಲ ಇರುವಾಗ ಹುಲ್ಲು ಯಾಕೆ ಬೇಕು? ಈ ಪ್ರಶ್ನೆಗೆ ಉತ್ತರ ದನದ ಹೊಟ್ಟೆಯೊಳಗೆ ಇದೆ. ನಮ್ಮ ಬೆಂಗಳೂರು ದಂಡಿನ ಇನ್ನೂರು ವರ್ಷದ ಚರಿತ್ರೆಯಲ್ಲೂ ಇದೆ. ಎರಡನ್ನೂ ಸೇರಿಸಿ ಬರೀತಿದ್ದೀನಿ.

ದಂಡು ಬಂದಾಗ

1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿ ಕೂತಿತ್ತು. ಅಲ್ಲಿ ಜ್ವರದಿಂದ ಸಿಪಾಯಿಗಳು ಸಾಯೋಕೆ ಶುರುವಾದರು. 1809ರಲ್ಲಿ ಸೈನ್ಯದ ಬೀಡನ್ನ ಬೆಂಗಳೂರಿಗೆ, ಹಲಸೂರು ಕಡೆಯ ಬಯಲಿಗೆ ತಂದರು. ಪೇಟೆಗೆ ಪೂರ್ವದಲ್ಲಿ ಹೀಗೆ ಹುಟ್ಟಿದ ಊರನ್ನೇ ನಮ್ಮ ಹಿರಿಯರು ‘ದಂಡು’ ಅಂತ ಕರೆದರು. ಇವತ್ತಿನ ಕಾಮರಾಜ ರಸ್ತೆಗೆ ಆಗ ಕ್ಯಾವಲ್ರಿ ರೋಡ್ ಅಂತ ಹೆಸರು, ಅಂದರೆ ಕುದುರೆ ಪಡೆಯ ರಸ್ತೆ. ಇನ್‌ಫೆಂಟ್ರಿ ರೋಡ್ ಹೆಸರು ಈಗಲೂ ಉಳಿದಿದೆ.

ಆ ಕಾಲದಲ್ಲಿ ಸೈನ್ಯ ಅಂದರೆ ಮನುಷ್ಯರು ಮಾತ್ರ ಅಲ್ಲ. ಸವಾರರಿಗೆ ಕುದುರೆ ಬೇಕು, ಫಿರಂಗಿ ಮತ್ತು ಸಾಮಾನು ಎಳೆಯೋಕೆ ಎತ್ತು ಬೇಕು. ಎರಡೂ ಹುಲ್ಲು ತಿನ್ನೋ ಪ್ರಾಣಿಗಳೇ. ಆದರೆ ಎರಡರ ಹೊಟ್ಟೆಯ ಒಳಗಿನ ವ್ಯವಸ್ಥೆ ಬೇರೆ ಬೇರೆ. ದಂಡು ನಮ್ಮ ಸುತ್ತಲಿನ ಹಳ್ಳಿಗಳಿಂದ ಏನು ಕೇಳಿತು ಅನ್ನೋದು ಈ ವ್ಯತ್ಯಾಸದ ಮೇಲೆ ನಿಂತಿತ್ತು.

ಮೊದಲು ಹೊಟ್ಟೆ ವಿಷಯ. ಹುಲ್ಲಿನಲ್ಲಿರೋ ನಾರನ್ನ ದನವಾಗಲಿ ಕುದುರೆಯಾಗಲಿ ತಾನಾಗಿ ಜೀರ್ಣ ಮಾಡಿಕೊಳ್ಳೋಕೆ ಆಗಲ್ಲ. ಆ ಶಕ್ತಿ ಇರೋದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಗೆ. ದೋಸೆ ಹಿಟ್ಟು ಹುಳಿ ಬರಿಸೋ ಜಾತಿಯವೇ ಅಂದುಕೊಳ್ಳಿ. ಹುಲ್ಲು ತಿನ್ನೋ ಪ್ರಾಣಿಗಳೆಲ್ಲ ಈ ಜೀವಿಗಳಿಗೆ ಹೊಟ್ಟೆಯಲ್ಲಿ ಮನೆ ಕೊಟ್ಟಿವೆ. ಆ ಮನೆ ಎಲ್ಲಿದೆ ಅನ್ನೋದೇ ಮುಖ್ಯ.

ದನಕ್ಕೆ ಆ ಮನೆ ಮುಂದಿದೆ. ಎಡಗಡೆ ಪೂರ್ತಿ ತುಂಬಿಕೊಂಡಿರೋ ದೊಡ್ಡ ಹೊಟ್ಟೆ, ಡಾಕ್ಟರು ರೂಮೆನ್ ಅನ್ನೋದು. ದೊಡ್ಡ ಹಸುವಿನಲ್ಲಿ ನೂರು ಲೀಟರಿಗೂ ಮೇಲೆ ಹಿಡಿಯುತ್ತೆ. ಶಿವಾಜಿನಗರದಲ್ಲಿ ಬೋಟಿ ತೊಳೆಯೋರನ್ನ ಕೇಳಿ, ನಾಲ್ಕು ಹೊಟ್ಟೆಯನ್ನೂ ಕೈಯಲ್ಲಿ ಮುಟ್ಟಿ ಗುರುತಿಸ್ತಾರೆ. ಟವೆಲಿನ ಹಾಗೆ ಒರಟಾಗಿರೋದು ಮೊದಲನೇದು, ಜೇನುಗೂಡಿನ ಹಾಗೆ ಕಟ್ಟು ಕಟ್ಟು ಇರೋದು ಎರಡನೇದು, ಪುಸ್ತಕದ ಹಾಳೆ ಹಾಗೆ ಇರೋದು ಮೂರನೇದು. ನಾಲ್ಕನೇದು ಮಾತ್ರ ನಮ್ಮ ಹೊಟ್ಟೆ ಥರ ಹುಳಿರಸ ಸುರಿಸಿ ಜೀರ್ಣ ಮಾಡೋದು. ಮೊದಲ ಹೊಟ್ಟೆಯ ರಸದ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿ ಲೆಕ್ಕದಲ್ಲಿ ಬ್ಯಾಕ್ಟೀರಿಯಾ ಇರುತ್ತೆ. ಅವು ಹುಲ್ಲನ್ನ ಹುಳಿ ಬರಿಸಿ ಕೆಲವು ಆಮ್ಲಗಳನ್ನ ಮಾಡ್ತವೆ. ದನಕ್ಕೆ ಬೇಕಾದ ಶಕ್ತಿಯಲ್ಲಿ ಹೆಚ್ಚು ಪಾಲು ಬರೋದು ಆ ಆಮ್ಲಗಳಿಂದಲೇ. ಆಮೇಲೆ ಆ ಜೀವಿಗಳೇ ಮೇವಿನ ಜೊತೆ ಜಾರಿ ನಾಲ್ಕನೇ ಹೊಟ್ಟೆಗೆ ಬಂದು ಸಾಯ್ತವೆ, ದನಕ್ಕೆ ಪ್ರೊಟೀನ್ ಆಗ್ತವೆ. ಅಂದರೆ ದನ ಹುಲ್ಲು ತಿಂದು ತನ್ನ ಹೊಟ್ಟೆಯಲ್ಲೇ ಒಂದು ಬೆಳೆ ಬೆಳೆದು, ಆ ಬೆಳೆಯನ್ನ ಉಣ್ಣುತ್ತೆ.

ಕುದುರೆಗೆ ಆ ಮನೆ ಹಿಂದಿದೆ. ಕುದುರೆ ಹೊಟ್ಟೆ ಚಿಕ್ಕದು, 8ರಿಂದ 15 ಲೀಟರ್ ಅಷ್ಟೆ. ಮೆಲುಕು ಇಲ್ಲ, ವಾಂತಿ ಮಾಡೋಕೂ ಆಗಲ್ಲ. ಹುಲ್ಲು ಸಣ್ಣ ಕರುಳು ದಾಟಿ ಹಿಂದಿನ ದೊಡ್ಡ ಕರುಳಿಗೆ ಹೋದ ಮೇಲೆ ಹುಳಿ ಬರುತ್ತೆ. ಶಕ್ತಿ ಅಲ್ಲೂ ಸಿಗುತ್ತೆ. ಆದರೆ ಪ್ರೊಟೀನ್ ಹೀರೋ ಜಾಗವಾದ ಸಣ್ಣ ಕರುಳು ಹಿಂದೆಯೇ ಉಳಿಯಿತಲ್ಲ. ಅಲ್ಲಿ ಬೆಳೆದ ಜೀವಿಗಳಲ್ಲಿ ಹೆಚ್ಚಿನವು ಲದ್ದಿಯಲ್ಲಿ ಹೊರಗೆ ಹೋಗ್ತವೆ. ಬೆಳೆದ ಬೆಳೆ ಮನೆಗೆ ಬರದೆ ಹೊಲದಲ್ಲೇ ಉಳಿದ ಹಾಗೆ. ಮೊಲಕ್ಕೂ ಇದೇ ಕಷ್ಟ. ಅದಕ್ಕೇ ಮೊಲ ರಾತ್ರಿ ಹೊತ್ತು ತನ್ನ ಮೆತ್ತನೆ ಹಿಕ್ಕೆಯನ್ನ ತಾನೇ ತಿಂದು ಆ ಪ್ರೊಟೀನ್ ವಾಪಸ್ ತಗೊಳ್ಳುತ್ತೆ. ದುಡಿಯೋ ಕುದುರೆಗೆ ಆ ದಾರಿ ಇಲ್ಲ. ಅದಕ್ಕೆ ಪ್ರೊಟೀನ್ ಇರೋ ಕಾಳನ್ನೇ ಹೊರಗಿನಿಂದ ಕೊಡಬೇಕು.

ಹುರುಳಿ ಯಾಕೆ, ಬೇಯಿಸಿದ್ದು ಯಾಕೆ

ಆ ಕಾಳು ನಮ್ಮ ಹುರುಳಿ. ಕೆಂಪು ನೆಲದಲ್ಲಿ, ಕೊನೆ ಮಳೆಗೆ, ಬೇರೆ ಏನೂ ಆಗದ ಕಡೆ ಆಗೋ ಬೆಳೆ. ನೂರಕ್ಕೆ 22 ಪಾಲಿನ ಹತ್ತಿರ ಪ್ರೊಟೀನ್ ಇದೆ. ಇಂಗ್ಲಿಷರು ಅದಕ್ಕೆ ಕುದುರೆಯ ಹೆಸರನ್ನೇ ಇಟ್ಟರು. ಮದ್ರಾಸು ಸೀಮೆಯ ಸೈನ್ಯದಲ್ಲಿ ಕುದುರೆ ಕಾಳು ಅಂದರೆ ಹುರುಳಿ, ಅದೂ ಬೇಯಿಸಿದ್ದು. ಹಸಿ ಹುರುಳಿಯಲ್ಲಿ ಪ್ರೊಟೀನ್ ಜೀರ್ಣ ಆಗದ ಹಾಗೆ ತಡೆಯೋ ಅಂಶ ಇದೆ, ಬೇಯಿಸಿದರೆ ಅದು ಹೋಗುತ್ತೆ. ನಮ್ಮ ಅಜ್ಜಂದಿರು ಉಳುಮೆ ಕಾಲದಲ್ಲಿ ಎತ್ತಿಗೂ ಹುರುಳಿ ಬೇಯಿಸಿ ಇಟ್ಟಿದ್ದಕ್ಕೂ ಇದೇ ಕಾರಣ. ಯಾವ ಲ್ಯಾಬೂ ಹೇಳಿಕೊಟ್ಟದ್ದಲ್ಲ, ಸಗಣಿ ನೋಡಿ ಕಲಿತದ್ದು.

ಒಂದು ಲೆಕ್ಕ ಹಾಕಿ. ಕುದುರೆಗೆ ದಿನಕ್ಕೆ 3–4 ಕೆ.ಜಿ. ಕಾಳು ಅಂದುಕೊಂಡರೂ 500 ಕುದುರೆಯ ಒಂದು ಪಡೆಗೆ ದಿನಕ್ಕೆ 15–20 ಕ್ವಿಂಟಾಲ್ ಹುರುಳಿ ಬೇಕು. ವರ್ಷಪೂರ್ತಿ ಇಷ್ಟು ಹುರುಳಿ ಸೈನ್ಯದ ಬಯಲಿನಲ್ಲಿ ಬೆಳೆಯಲ್ಲ, ಸುತ್ತಲಿನ ಹೊಲದಿಂದ ಬರಬೇಕು. ಜೊತೆಗೆ ಹುಲ್ಲು. ಮದ್ರಾಸು ಕುದುರೆ ಪಡೆಗಳಲ್ಲಿ ಕುದುರೆ ನೋಡಿಕೊಳ್ಳೋನು ಒಬ್ಬ, ಹುಲ್ಲು ತರೋರು ಬೇರೆ. ಅವರು ತರ್ತಿದ್ದದ್ದು ಮುಖ್ಯವಾಗಿ ಗರಿಕೆ. ಬೇರು ಸಮೇತ ಕೆತ್ತಿ, ಮಣ್ಣು ಬಡಿದು, ತೊಳೆದು ಕುದುರೆಗೆ ಹಾಕೋದು. ಮಣ್ಣು ಹೊಟ್ಟೆಗೆ ಹೋದರೆ ಕುದುರೆಗೆ ಕರುಳು ನೋವು ಬರುತ್ತೆ. ವಾಂತಿ ಆಗದ ಪ್ರಾಣಿಗೆ ಹೊಟ್ಟೆ ನೋವು ಅಂದರೆ ಪ್ರಾಣಕ್ಕೇ ಕುತ್ತು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಿಂದ ಹಡಗಿನಲ್ಲಿ ‘ವೇಲರ್’ ಅನ್ನೋ ದೊಡ್ಡ ಕುದುರೆಗಳು ಈ ದೇಶದ ಸೈನ್ಯಕ್ಕೆ ಬಂದವು. 1896ರಲ್ಲಿ ಚರ್ಚಿಲ್ ಕೂಡ ಕುದುರೆ ಪಡೆಯ ಎಳೇ ಅಧಿಕಾರಿಯಾಗಿ ಈ ದಂಡಿಗೇ ಬಂದವನು, ಪೋಲೊ ಹುಚ್ಚಿನವನು. ಆಟ ಅವರದು, ಕುದುರೆ ಆಸ್ಟ್ರೇಲಿಯಾದ್ದು, ಹೊಟ್ಟೆಗೆ ಮಾತ್ರ ನಮ್ಮ ನೆಲದ ಕಾಳು.

ಇನ್ನೊಂದು ಮೇವಿನ ಹೆಸರಿನಲ್ಲೂ ಕುದುರೆ ಉಳಿದಿದೆ, ಕುದುರೆ ಮಸಾಲೆ ಸೊಪ್ಪು. ಲೂಸರ್ನ್ ಅಂತಾರಲ್ಲ, ಅದು. ಹದವಾಗಿ ಕೊಟ್ಟರೆ ಕುದುರೆಗೆ ಒಳ್ಳೆ ಮೇವು. ಅದೇ ಸೊಪ್ಪನ್ನ ಹಸಿದ ಹಸುವಿಗೆ ಬೆಳಿಗ್ಗೆ ಎದ್ದು ಇಬ್ಬನಿ ಸಮೇತ ಹಾಕಿ, ಮಧ್ಯಾಹ್ನದ ಒಳಗೆ ಎಡಗಡೆ ಹೊಟ್ಟೆ ಡೋಲಿನ ಹಾಗೆ ಊದುತ್ತೆ. ಸೊಪ್ಪಿನ ಪ್ರೊಟೀನ್ ರೂಮೆನ್ನಿನಲ್ಲಿ ನೊರೆ ಕಟ್ಟಿ ಗಾಳಿಯನ್ನ ಹಿಡಿದಿಡುತ್ತೆ. ದನ ತೇಗಿ ಹೊರಗೆ ಹಾಕಬೇಕಾದ ಗಾಳಿ ನೊರೆಯಲ್ಲಿ ಸಿಕ್ಕಿಬೀಳುತ್ತೆ, ಉಬ್ಬಿದ ಹೊಟ್ಟೆ ಎದೆಯನ್ನ ಒತ್ತಿ ಉಸಿರು ನಿಲ್ಲಿಸುತ್ತೆ. ಸೊಪ್ಪು ಒಂದೇ, ಹೊಟ್ಟೆ ಬೇರೆ.

ಎತ್ತಿಗೆ ಬೇಕಾದದ್ದು ಹೊತ್ತು

ಎತ್ತಿನ ಕಥೆ ಇನ್ನೊಂದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರಿತ್ತು. ಟಿಪ್ಪು ಅದನ್ನ ಅಮೃತ ಮಹಲ್ ಮಾಡಿದ. ಫಿರಂಗಿ ಎಳೆಯೋ ಎತ್ತು ಅಲ್ಲಿಂದ ಬರ್ತಿದ್ದವು. ಅವಕ್ಕಾಗಿ ಸೀಮೆಯ ತುಂಬಾ ಹುಲ್ಲುಗಾವಲು ಮೀಸಲಿಟ್ಟಿದ್ದರು. ‘ಕಾವಲು’ ಅಂತ ಊರ ಹೆಸರುಗಳಲ್ಲಿ ಈಗಲೂ ಸಿಗೋದು ಅದೇ. 1799ರಲ್ಲಿ ಈ ದನ ಇಂಗ್ಲಿಷರ ಕೈಗೆ ಹೋಯಿತು. 1803ರಲ್ಲಿ ವೆಲ್ಲೆಸ್ಲಿ ಮರಾಠರ ಮೇಲೆ ಹೋದಾಗ ಅವನ ಸಾಮಾನು ಎಳೆದದ್ದರಲ್ಲಿ ಮೈಸೂರು ಎತ್ತುಗಳೂ ಇದ್ದವು.

ಎತ್ತಿಗೆ ಕುದುರೆಯಷ್ಟು ಕಾಳು ಬೇಡ. ರಾಗಿ ಹುಲ್ಲು ತಿಂದು, ಅದರಲ್ಲಿ ನೂರಕ್ಕೆ 3–4 ಪಾಲು ಪ್ರೊಟೀನ್ ಇದ್ದರೂ, ಹೊಟ್ಟೆಯೊಳಗಿನ ಬೆಳೆಯಿಂದ ಬದುಕುತ್ತೆ. ಆದರೆ ಎತ್ತಿಗೆ ಹೊತ್ತು ಬೇಕು. ದನ ತಿನ್ನುವಾಗ ಪೂರ್ತಿ ಅಗಿಯಲ್ಲ, ನುಂಗುತ್ತೆ. ಆಮೇಲೆ ಮಲಗಿ, ಉಂಡೆ ಉಂಡೆಯಾಗಿ ಬಾಯಿಗೆ ತಂದು, ಒಂದೊಂದನ್ನೂ 40–60 ಸಲ ಅಗಿಯುತ್ತೆ. ದಿನಕ್ಕೆ 6–8 ಗಂಟೆ ಈ ಕೆಲಸ. ಹಳೇದನ್ನ ನೆನೆಸಿಕೊಳ್ಳೋದಕ್ಕೆ ನಾವು ‘ಮೆಲುಕು ಹಾಕೋದು’ ಅಂತೀವಲ್ಲ, ದನ ಸಾಕಿದೋರ ಬಾಯಿಂದಲೇ ಬಂದ ಮಾತು ಅದು.

1864ರಲ್ಲಿ ಜೋಲಾರ್‌ಪೇಟೆಯಿಂದ ದಂಡಿಗೆ ರೈಲು ಬರೋ ತನಕ ಮದ್ರಾಸಿನ ಸಾಮಾನೆಲ್ಲ ಗಾಡಿಯಲ್ಲೇ ಬರಬೇಕಿತ್ತು. ಕೋಲಾರ, ಹೊಸಕೋಟೆ, ಕೆ.ಆರ್.ಪುರಂ, ಹಲಸೂರು, ಅದೇ ನಮ್ಮ ಹಳೇ ಮದ್ರಾಸು ರಸ್ತೆ. ಗಾಡಿ ಹೊಡೆಯೋರು ಬಿಸಿಲೇರಿದ ಮೇಲೆ ನೊಗ ಬಿಚ್ಚಿ, ನೀರು ಕಾಣಿಸಿ, ಮರದ ನೆರಳಲ್ಲಿ ಎತ್ತು ಮಲಗಿಸ್ತಿದ್ದರು. ಅದು ಬರೀ ಸುಸ್ತಿಗೆ ಅಲ್ಲ. ಮೆಲುಕಿಗೆ ಹೊತ್ತು ಕೊಡದೆ ಹೊಡೆದರೆ ಎತ್ತು ಎಷ್ಟು ತಿಂದರೂ ಮೈಗೆ ಹತ್ತಲ್ಲ. ಕುದುರೆಗೆ ಕಾಳಿನ ಖರ್ಚು, ಎತ್ತಿಗೆ ಹೊತ್ತಿನ ಖರ್ಚು. ಯಾವ ಸೈನ್ಯಕ್ಕೂ ಎರಡರಲ್ಲಿ ಒಂದನ್ನೂ ತಪ್ಪಿಸೋಕೆ ಆಗಲಿಲ್ಲ.

ಈ ಮೆಲುಕಿನಲ್ಲೇ ಇವತ್ತಿನ ನಮ್ಮ ಪ್ರಶ್ನೆಗೆ ಉತ್ತರ ಇರೋದು. ಅಗಿಯುವಾಗ ಜೊಲ್ಲು ಸುರಿಯುತ್ತೆ. ದೊಡ್ಡ ಹಸುವಿನಲ್ಲಿ ದಿನಕ್ಕೆ ನೂರು ಲೀಟರಿಗೂ ಹೆಚ್ಚು. ಆ ಜೊಲ್ಲಿನಲ್ಲಿ ಅಡಿಗೆ ಸೋಡ ಇದೆ, ನಾವು ಅಂಗಡಿಯಲ್ಲಿ ತರ್ತೀವಲ್ಲ ಅದೇ ಪದಾರ್ಥ. ರೂಮೆನ್ನಿನಲ್ಲಿ ಹುಟ್ಟೋ ಹುಳಿಯನ್ನ ಈ ಸೋಡ ಹದಕ್ಕೆ ಇಡುತ್ತೆ. ಒರಟು ಹುಲ್ಲು ತಿಂದರೆ ಮೆಲುಕು, ಮೆಲುಕು ಹಾಕಿದರೆ ಜೊಲ್ಲು, ಜೊಲ್ಲು ಇದ್ದರೆ ಹದ. ಹಾಗಾಗಿ ಹುಲ್ಲು ಬರೀ ಮೇವಲ್ಲ, ಹೊಟ್ಟೆಯ ಕಾವಲುಗಾರ.

ಆಡುಗೋಡಿಯಲ್ಲಿ ಅಳೆದದ್ದು

ಸೈನಿಕರಿಗೆ ಹಾಲು ಬೆಣ್ಣೆ ಬೇಕಿತ್ತು. ಅದಕ್ಕೆ ಮಿಲಿಟರಿಯವರು ದೇಶದ ಹಲವು ದಂಡುಗಳಲ್ಲಿ ತಮ್ಮದೇ ಡೈರಿ ಫಾರಂ ಮಾಡಿದರು. ಬೆಂಗಳೂರಿನ ಅಂಥ ಫಾರಂ 1923ರಲ್ಲಿ ಇಂಪೀರಿಯಲ್ ಪಶುಸಂಗೋಪನೆ ಮತ್ತು ಡೈರಿ ಸಂಸ್ಥೆ ಆಯಿತು. ಹೊಸೂರು ರಸ್ತೆಯ ಆಡುಗೋಡಿಯಲ್ಲಿ. ಇಡೀ ದೇಶಕ್ಕೆ ಡೈರಿ ಪಾಠ ಅಲ್ಲಿ ಶುರುವಾಯಿತು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳೋಕೆ ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ಮದನ ಮೋಹನ ಮಾಳವೀಯರ ಜೊತೆ ಅಲ್ಲಿಗೆ ಹೋಗಿ ದನ ಸಾಕೋದನ್ನ ಕಲಿತರು. ಸಂದರ್ಶಕರ ಪುಸ್ತಕದಲ್ಲಿ ವೃತ್ತಿ ಅನ್ನೋ ಜಾಗದಲ್ಲಿ ರೈತ ಅಂತ ಬರೆದರು. ಹರಿಯಾಣ ಹಸುವಿಗೆ ಸ್ಕಾಟ್ಲೆಂಡಿನ ಏರ್‌ಷೈರ್ ತಳಿ ಕೂಡಿಸಿ ಪಡೆದ ‘ಜಿಲ್’ ಅನ್ನೋ ಹಸು ಆ ಫಾರಮ್ಮಿನಲ್ಲಿ ಹೆಸರುವಾಸಿ. ನಮ್ಮ ಇವತ್ತಿನ ಸೀಮೆ ಹಸುಗಳಿಗೆ ದೊಡ್ಡಮ್ಮ ಅಂತ ಕರೀಬಹುದು.

ಅದೇ ಸಂಸ್ಥೆಯಲ್ಲಿ ವಾರ್ತ್ ಅನ್ನೋ ರಸಾಯನ ವಿಜ್ಞಾನಿ ದನದ ಮೇವಿನ ಮೇಲೆ ಕೆಲಸ ಮಾಡಿದರು. ಮೇವಿನ ಬೆಲೆ ಅಳೆಯೋ ವಿಧಾನ ಕೇಳೋಕೆ ಸುಲಭ. ದನಕ್ಕೆ ತೂಕ ಮಾಡಿ ಮೇವು ಹಾಕು, ಬಿಟ್ಟದ್ದನ್ನ ತೂಗು, ಹಾಕಿದ ಸಗಣಿ ಒಂದು ಚೂರೂ ಬಿಡದೆ ಹಿಡಿದು ತೂಗು. ಒಳಗೆ ಹೋದದ್ದರಲ್ಲಿ ಹೊರಗೆ ಬಂದದ್ದು ಕಳೆದರೆ ಉಳಿದದ್ದು ದನಕ್ಕೆ ದಕ್ಕಿದ್ದು. ಹುಲ್ಲಿನಲ್ಲಿ ಸುಮಾರು ಅರ್ಧ ಮಾತ್ರ ದಕ್ಕುತ್ತೆ, ಇನ್ನರ್ಧ ಗೊಬ್ಬರ ಗುಂಡಿಗೆ. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಮೇಲು ಅನ್ನೋದು ನಮಗೆ ಮೊದಲೇ ಗೊತ್ತಿದ್ದದ್ದೇ. ರಾಗಿ ಹುಲ್ಲಿನಲ್ಲಿ ಸುಣ್ಣದ ಅಂಶ ಹೆಚ್ಚು, ಭತ್ತದ ಹುಲ್ಲಿನಲ್ಲಿ ಮರಳಿನ ಗುಣದ ಸಿಲಿಕಾ ಜಾಸ್ತಿ.

ಹೊಟ್ಟೆಯೊಳಗಿನ ಜೀವಿಗಳು ಯಾರು ಅನ್ನೋದು ಮಾತ್ರ ಹೊರದೇಶದಲ್ಲಿ ನಿಧಾನಕ್ಕೆ ತಿಳೀತು. 1843ರಲ್ಲಿ ಗ್ರೂಬಿ ಮತ್ತು ದೆಲಾಫೋಂ ಅನ್ನೋ ಇಬ್ಬರು ಫ್ರಾನ್ಸಿನಲ್ಲಿ ರೂಮೆನ್ ರಸವನ್ನ ಸೂಕ್ಷ್ಮದರ್ಶಕದಲ್ಲಿಟ್ಟು ಓಡಾಡೋ ಜೀವಿಗಳನ್ನ ನೋಡಿದರು. ಅದರ ಬ್ಯಾಕ್ಟೀರಿಯಾಗಳಿಗೆ ಗಾಳಿ ತಾಗಿದರೆ ಸಾವು. ಹಾಗಾಗಿ ಅವನ್ನ ಹೊರಗೆ ಬೆಳೆಸೋಕೆ ನೂರು ವರ್ಷ ಹಿಡೀತು. ಅಮೆರಿಕದ ರಾಬರ್ಟ್ ಹಂಗೇಟ್ ಗಾಳಿ ಇಲ್ಲದೆ ಅವನ್ನ ಬೆಳೆಸೋ ವಿಧಾನ ಕಂಡುಹಿಡಿದ ಮೇಲೆ ಒಂದೊಂದರ ಕಸುಬೂ ಗೊತ್ತಾಯಿತು. ನಾರು ಮುರಿಯೋವು ಬೇರೆ, ಹಿಟ್ಟಿನಂಶ ಮುರಿಯೋವು ಬೇರೆ. ಡೈರಿ ಸಂಸ್ಥೆಯ ಮುಖ್ಯ ಕಚೇರಿ 1955ರಲ್ಲಿ ಹರಿಯಾಣದ ಕರ್ನಾಲ್‌ಗೆ ಹೋಯಿತು, ಆದರೆ ಹೊಟ್ಟೆಯ ಲೆಕ್ಕ ಆಡುಗೋಡಿ ಬಿಡಲಿಲ್ಲ. 1995ರಲ್ಲಿ ಪ್ರಾಣಿಗಳ ಪೋಷಣೆಗೇ ಅಂತ ಒಂದು ರಾಷ್ಟ್ರೀಯ ಸಂಸ್ಥೆ ಅಲ್ಲೇ ಆಯಿತು.

ಸೀಮೆ ಹಸು, ಸಿಟಿ ಮೇವು

ಸೈನ್ಯಕ್ಕೆ ಮೋಟಾರು ಬಂತು, ಕುದುರೆ ಹೋಯಿತು. ಕಂಪನಿ ಸರ್ಕಾರ ಕುದುರೆಗೆ ಅಂತ ಮಾಡಿದ್ದ ಹೊಸೂರಿನ ಮತ್ತಿಗಿರಿ ಫಾರಮ್ಮೇ ದನದ ಫಾರಂ ಆಯಿತು. ಆಮೇಲೆ ನಗರಕ್ಕೆ ಬೇಕಾದದ್ದು ಹಾಲು. 1965ರಲ್ಲಿ ಬೆಂಗಳೂರು ಡೈರಿ ಉದ್ಘಾಟನೆ ಆಯಿತು. ಹೆಸರಘಟ್ಟದಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಘನೀಕೃತ ವೀರ್ಯದ ಕೇಂದ್ರ ಬಂತು. ಹಳ್ಳಿ ಹಳ್ಳಿಗೂ ಸೀಮೆ ಹಸು ಬಂತು. ದೂಪನಹಳ್ಳಿ, ಬಿನ್ನಮಂಗಲದ ಹೊಲಗಳ ಮೇಲೆ ಇಂದಿರಾನಗರ ಎದ್ದಿತು. ಈಗ ಕೆ.ಆರ್.ಪುರಂ ದಾಟಿ ನಮ್ಮ ರಾಗಿ ಹೊಲಗಳೂ ಲೇಔಟ್ ಆಗ್ತಿವೆ.

ದಿನಕ್ಕೆ 15 ಲೀಟರ್ ಕೊಡೋ ಹಸುವಿಗೆ ರಾಗಿ ಹುಲ್ಲೊಂದೇ ಸಾಲಲ್ಲ, ನಿಜ. ಮುಸುಕಿನ ಜೋಳ, ಹಿಂಡಿ, ಬೂಸಾ, ಫೀಡು ಕೊಡಲೇಬೇಕು. ಕಾಳು ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಕಾಳು ಹೆಚ್ಚಾಗಿ ಹುಲ್ಲು ಕಡಿಮೆ ಆದಾಗ ಏನಾಗುತ್ತೆ ಅಂತ ನೋಡಿ.

ಛತ್ರದಿಂದ ಒಂದು ಡ್ರಮ್ ಅನ್ನ, ಪಾಯಸ ಬಂತು ಅಂದುಕೊಳ್ಳಿ. ಹಸು ಆಸೆಯಿಂದ ತಿನ್ನುತ್ತೆ. ಬೆಂದ ಅನ್ನ ಅಗಿಯೋ ಕೆಲಸವೇ ಇಲ್ಲ, ಮೆಲುಕಿಲ್ಲ, ಸೋಡ ಇಲ್ಲ. ಹಿಟ್ಟಿನಂಶ ತಿನ್ನೋ ಬ್ಯಾಕ್ಟೀರಿಯಾ ಗಂಟೆ ಲೆಕ್ಕದಲ್ಲಿ ಹೆಚ್ಚಿ ಮೊಸರಿನಲ್ಲಿರೋ ಹುಳಿಯನ್ನ, ಲ್ಯಾಕ್ಟಿಕ್ ಆಮ್ಲವನ್ನ, ಸುರೀತಾ ಹೋಗ್ತವೆ. ಹುಳಿ ಮಿತಿ ಮೀರಿದರೆ ನಾರು ಮುರಿಯೋವು ಸಾಯ್ತವೆ. ರೂಮೆನ್ ಗೋಡೆ ಸುಡುತ್ತೆ. ಮೈಯಲ್ಲಿರೋ ನೀರು ಹೊಟ್ಟೆಗೆ ಎಳೆದುಕೊಳ್ಳುತ್ತೆ, ಹಸು ನಿಂತ ಕಡೆಯೇ ಒಣಗುತ್ತೆ, ಕಣ್ಣು ಗುಳಿ ಬೀಳುತ್ತೆ. ಆ ದಿನ ಉಳಿದರೂ ಆಮೇಲೆ ಗೊರಸು ಬಿಸಿಯಾಗಿ ಕುಂಟುತ್ತೆ. ಕುದುರೆಗೂ ಕಾಳು ಒಂದೇ ಸಲ ಹೆಚ್ಚಾದರೆ ಹಿಂದಿನ ಕರುಳಿನಲ್ಲಿ ಇದೇ ಆಗಿ ಗೊರಸಿಗೇ ಇಳಿಯುತ್ತೆ. ಬಕ್ರೀದ್ ಮುಂಚೆ ನಮ್ಮ ಕಡೆಯ ಕುರಿ ಕೊಂಡೋರು ಪ್ರೀತಿಯಿಂದ ಒಂದೇ ದಿನ ಅಕ್ಕಿ, ಗೋಧಿ ಸುರಿದಾಗಲೂ ಕುರಿ ಮುದುರಿ ಮಲಗೋದು ಇದರಿಂದಲೇ. ಮಾರುವಾಗಲೇ ಒಂದು ಮಾತು ಹೇಳಿ ಕಳಿಸಿ.

ಬೀರ್ ವೇಸ್ಟಿನ ಕಥೆ ಸ್ವಲ್ಪ ಬೇರೆ. ಬೆಂಗಳೂರಿನಲ್ಲಿ 1885ರಲ್ಲೇ ಬ್ರೂವರಿ ಇತ್ತು. ಅದೂ ಇನ್ನು ಕೆಲವೂ ಸೇರಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಆಯಿತು. ಬೀರ್ ಮಾಡುವಾಗ ಬಾರ್ಲಿಯ ಸಿಹಿ ಎಲ್ಲ ಹೊರಗೆ ಹೋಗಿರುತ್ತೆ. ಉಳಿಯೋದು ಹೊಟ್ಟು ಮತ್ತು ಪ್ರೊಟೀನ್. ಹಾಗಾಗಿ ಅನ್ನದಷ್ಟು ಹುಳಿ ಮಾಡಲ್ಲ, ಹಾಲಿಗೂ ಒಳ್ಳೇದು. ಆದರೆ ನೂರಕ್ಕೆ 75–80 ಪಾಲು ನೀರು. ಲೋಡಿನ ದುಡ್ಡಿನಲ್ಲಿ ಮುಕ್ಕಾಲು ನೀರಿಗೆ ಕೊಟ್ಟ ಹಾಗೆ. ಎರಡು ಮೂರು ದಿನದಲ್ಲಿ ಬೂಷ್ಟು ಹಿಡಿಯುತ್ತೆ, ಬೂಷ್ಟಿನ ವಿಷ ಲಿವರಿಗೂ ಹೋಗುತ್ತೆ, ಹಾಲಿಗೂ ಬರುತ್ತೆ. ಸುಣ್ಣದ ಅಂಶ ಕಡಿಮೆ. ಹಸು ಒಂದಕ್ಕೆ ದಿನಕ್ಕೆ 8–10 ಕೆ.ಜಿ. ದಾಟಿಸದೆ, ಖನಿಜ ಮಿಶ್ರಣದ ಜೊತೆ, ಹುಲ್ಲು ಹಾಕಿದ ಮೇಲೆ ಕೊಟ್ಟರೆ ಸರಿ. ಹುಲ್ಲಿನ ಬದಲಿಗೆ ಅಂತ ಕೊಟ್ಟರೆ ಆಗಲ್ಲ, ಅದರಲ್ಲಿ ಅಗಿಯೋದು ಏನೂ ಇಲ್ಲ.

ಹೋಟೆಲ್ ವೇಸ್ಟಿನ ಜೊತೆ ಬರೋ ಕವರು ಎಲ್ಲಕ್ಕಿಂತ ಕೆಟ್ಟದ್ದು. ದನ ನಾಲಿಗೆಯಿಂದ ಬಾಚಿ ನುಂಗೋ ಪ್ರಾಣಿ, ಆರಿಸಿ ತಿನ್ನಲ್ಲ. ಪ್ಲಾಸ್ಟಿಕ್ಕನ್ನ ಯಾವ ಬ್ಯಾಕ್ಟೀರಿಯಾವೂ ಮುಟ್ಟಲ್ಲ. ರೂಮೆನ್ನಿನಿಂದ ಮುಂದೆ ಹೋಗೋ ದಾರಿ ಕಿರಿದು, ನುಣ್ಣಗಾದದ್ದು ಮಾತ್ರ ದಾಟುತ್ತೆ. ಹಾಗಾಗಿ ಕವರು ಅಲ್ಲೇ ಹಗ್ಗದ ಹಾಗೆ ಹೆಣೆದುಕೊಂಡು ಕೂರುತ್ತೆ. ಹೊಟ್ಟೆ ತುಂಬಿದ ಹಾಗೆ ಕಾಣೋ ಹಸು ಹಸಿವಿನಿಂದ ಸೊರಗುತ್ತೆ. ತಂತಿ, ಮೊಳೆ ಆದರೆ ಜೇನುಗೂಡಿನ ಹೊಟ್ಟೆಗೆ ಬೀಳುತ್ತೆ. ಅದರ ಮುಂದೆ ಒಂದು ಪರದೆ ದಾಟಿದರೆ ಹೃದಯ. ಕರು ಹಾಕೋ ಹೊತ್ತಿಗೆ ಹೊಟ್ಟೆ ಒತ್ತಿದಾಗ ತಂತಿ ನೇರ ಹೃದಯಕ್ಕೆ ಚುಚ್ಚಬಹುದು.

ಕೊಟ್ಟಿಗೆ ಬಾಗಿಲಲ್ಲಿ ಮಲಗೋ ನಾಯಿ ವಿಷಯವೂ ಒಂದು ಮಾತು, ಬಹಳ ಜನ ಕೇಳ್ತಾರೆ. ನಾಯಿಗೆ ಒಂದೇ ಹೊಟ್ಟೆ, ಹುಲ್ಲಿನ ನಾರು ಅದಕ್ಕೆ ದಕ್ಕಲ್ಲ. ಆದರೆ ಮನುಷ್ಯನ ಜೊತೆ ಬಾಳಿ ಅದು ಮುದ್ದೆ ಜೀರ್ಣ ಮಾಡೋದನ್ನ ಕಲಿತಿದೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋಳಕ್ಕಿಂತ ನಾಯಿಯಲ್ಲಿ ಹಿಟ್ಟಿನಂಶ ಮುರಿಯೋ ಜೀನು ಹಲವು ಪಟ್ಟು ಹೆಚ್ಚಿದೆ ಅಂತ ತೋರಿಸಿದರು. ಬೇಯಿಸಿದ ರಾಗಿ, ಜೊತೆಗೆ ಮೊಟ್ಟೆಯೋ ಮಾಂಸವೋ ಇದ್ದರೆ ಅದಕ್ಕೆ ಸುಖ. ಈರುಳ್ಳಿ ಹಾಕಿದ ಸಾರು ಮಾತ್ರ ಬೇಡ, ಅದು ನಾಯಿಯ ರಕ್ತ ಕೆಡಿಸುತ್ತೆ. ಬೆಕ್ಕಿಗೆ ಮುದ್ದೆ ನಡೆಯಲ್ಲ, ಅದು ಇವತ್ತಿಗೂ ಮಾಂಸದ ಹೊಟ್ಟೆಯೇ.

ಹಾಗಾದರೆ ಏನು ಮಾಡೋದು

ಈ ಚರಿತ್ರೆಯಿಂದ ನಾನು ತಿಳಿದುಕೊಂಡದ್ದು ಒಂದೇ. ದಂಡಿನ ಕಾಲದಿಂದಲೂ ನಗರ ನಮ್ಮಿಂದ ಒಳ್ಳೇದನ್ನ ತಗೊಂಡು ತನಗೆ ಬೇಡದ್ದನ್ನ ಕೊಡುತ್ತೆ. ಕೊಡೋದು ಅಗ್ಗ ಅಂತ ದನದ ಹೊಟ್ಟೆ ಬದಲಾಗಲ್ಲ. ಮೇವನ್ನ ಹೊಟ್ಟೆಗೆ ಹೊಂದಿಸಬೇಕೇ ಹೊರತು ಹೊಟ್ಟೆಯನ್ನ ಮೇವಿಗೆ ಅಲ್ಲ.

ಯಾವುದೇ ಹೊಸ ಮೇವನ್ನ 10–15 ದಿನದಲ್ಲಿ ಸ್ವಲ್ಪ ಸ್ವಲ್ಪ ಏರಿಸಿ. ಒಳಗಿನ ಜೀವಿಗಳು ಬದಲಾಗೋಕೆ ಅಷ್ಟು ಹೊತ್ತು ಬೇಕು. ತಿನ್ನೋ ಒಣ ತೂಕದಲ್ಲಿ ಅರ್ಧಕ್ಕೆ ಕಡಿಮೆ ಆಗದ ಹಾಗೆ ನಾರಿರೋ ಮೇವು ಇರಲಿ. ಫೀಡು ಒಂದೇ ಸಲ ಸುರಿಯದೆ ಎರಡು ಮೂರು ಸಲ ಕೊಡಿ, ಮೊದಲು ಹುಲ್ಲು, ಆಮೇಲೆ ಫೀಡು. ಹುಲ್ಲನ್ನ ಮಿಷಿನ್ನಿನಲ್ಲಿ ಹೊಟ್ಟಿನ ಹಾಗೆ ನುಣ್ಣಗೆ ಮಾಡಬೇಡಿ, ಅಗಿಯೋಕೆ ಏನಾದರೂ ಉಳಿಯಲಿ.

ಹುಲ್ಲು ಕಡಿಮೆ ಇರೋರು ಯೂರಿಯಾ ಉಪಚಾರ ಮಾಡಿ ಅದರ ಬೆಲೆ ಏರಿಸಿಕೊಳ್ಳಬಹುದು. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾ, ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರ ಚಿಮುಕಿಸಿ ತುಳಿದು, ಗಾಳಿಯಾಡದ ಹಾಗೆ ಟಾರ್ಪಾಲು ಮುಚ್ಚಿ 21 ದಿನ ಬಿಡಿ. ತೆಗೆದ ಮೇಲೆ ಘಾಟು ಹೋಗೋ ತನಕ ಹರಡಿ ಹಾಕಿ. ಆರು ತಿಂಗಳ ಒಳಗಿನ ಕರುವಿಗೆ ಬೇಡ, ಕುದುರೆ ಕತ್ತೆಗೂ ಬೇಡ. ಯೂರಿಯಾ ಪ್ರೊಟೀನ್ ಆಗೋದು ರೂಮೆನ್ನಿನ ಜೀವಿಗಳ ಕೈಯಲ್ಲಿ. ಆ ಮನೆ ಮುಂದಿಲ್ಲದ ಪ್ರಾಣಿಗೆ ಅದರಿಂದ ಲಾಭ ಇಲ್ಲ. ಯೂರಿಯಾ ನೀರು ದನದ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ, ಅದು ವಿಷ.

ದಿನಾ ಮಾಡಬೇಕಾದ ಪರೀಕ್ಷೆಗೆ ಖರ್ಚಿಲ್ಲ. ಮಧ್ಯಾಹ್ನ ಮಲಗಿರೋ ದನಗಳನ್ನ ಎಣಿಸಿ. ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕ್ತಿರಬೇಕು. ಎಡ ಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ನಿಲ್ಲಿ. ಎರಡು ನಿಮಿಷದಲ್ಲಿ ಮೂರು ಸಲದಷ್ಟು ಒಳಗಿನಿಂದ ಹೊರಳಿ ನಿಮ್ಮ ಕೈ ಮೇಲೆತ್ತಬೇಕು. ಎತ್ತಲಿಲ್ಲ ಅಂದರೆ ಹಾಲು ಇಳಿಯೋದಕ್ಕೆ ಕಾಯಬೇಡಿ, ಪಶು ಡಾಕ್ಟರಿಗೆ ಫೋನ್ ಮಾಡಿ. ಆರೋಗ್ಯವಾದ ದನದ ರೂಮೆನ್ ರಸ ತಂದು ಕುಡಿಸಿ ಸತ್ತ ಹೊಟ್ಟೆಯನ್ನ ಮತ್ತೆ ನಡೆಸೋ ವಿದ್ಯೆ ಅವರಿಗಿದೆ. ಹೊತ್ತಿಗೆ ಕರೆದರೆ ಮಾತ್ರ.

ಕೊನೆಗೆ ಒಂದು ಕೇಳಿಕೆ. ಈ ಸಲ ಕೊಯ್ಲು ಮಿಷಿನ್ ಬಂದಾಗ ಹುಲ್ಲು ಪುಡಿಯಾಗಿ ಹೊಲದಲ್ಲೇ ಬಿದ್ದಿರುತ್ತಲ್ಲ, ಅದನ್ನ ಬಿಡೋ ಬದಲು ನಾಲ್ಕೈದು ಮನೆಯವರು ಸೇರಿ ಒಂದಷ್ಟು ರಾಗಿಯನ್ನ ಕೈಯಲ್ಲಿ ಕುಯ್ಯೋಣ, ಮೆದೆ ಒಟ್ಟೋಣ. ಒಪ್ಪಿಗೆ ಇರೋರು ಎಷ್ಟು ಎಕರೆ ಅಂತ ಕೆಳಗೆ ಬರೀರಿ. ಕೂಲಿ ಲೆಕ್ಕ ನಾನು ಬರೆದುಕೊಂಡು ಬರ್ತೀನಿ.